ಭಾಗ್ಯಳ ಜಡೆಗೆ ಯಾರು ಹೊಣೆ?

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಮೇಡಂ, ಟೀವಿ ಅಡ್ವರ್ಟೈಸ್‌ಮೆಂಟ್ ನೋಡೇ ಉಡುಗೀರು ಕೆಡೋದು ಅಂತ ನಮ್ಮಣ್ಣನತ್ರ ಒಂದೇ ಒಂದು ಮಾತು ಯೋಳಿ" ಅಂದಳು.

ಇದೇನು ಮಹಾ ಬೇಡಿಕೆ ಅಂತೀರಾ? ಅರ್ಧ ಊರು ದಿನಾ ಹೇಳುವ ಮಾತು. ಇನ್ನರ್ಧ ಊರು ತಲೆಯಾಡಿಸುವ ಮಾತು. ನಾನೂ ಹೇಳಿ ಕೈ ತೊಳೆದುಕೊಂಡಿದ್ದರೆ ಆಗುತ್ತಿತ್ತು.

ಕಷ್ಟ ಏನೆಂದರೆ, ಹಿಂದಿನ ಶುಕ್ರವಾರವಷ್ಟೇ ತುಂಬಿದ ಕ್ಲಾಸಿನಲ್ಲಿ, "ಸಾಕ್ಷಿ ಇಲ್ಲದೆ ಹಾಗೆ ಹೇಳುವವರು ಯೋಚನೆ ಮಾಡೋಕೆ ಸೋಮಾರಿಗಳು" ಅಂತ ಪಾಠ ಮಾಡಿದವಳು ನಾನೇ. ಮೇಜು ಕುಟ್ಟಿ ಮಾಡಿದ್ದೆ.

ಹುಡುಗಿಯ ಹೆಸರು ಭಾಗ್ಯ. ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಅಪ್ಪ ಅಮ್ಮ ಇಲ್ಲ. ಸಾಕಿದ್ದು ಅಜ್ಜಿ. ಮನೆ ನಡೆಸುವವನು ಅಣ್ಣ ಮುನಿರಾಜು. ಬೆಳಗಾಗುವ ಮೊದಲೇ ಎದ್ದು ಹಸು ಕರೆದು, ಹಾಲಿನ ಕ್ಯಾನು ಅಣ್ಣನ ಸೈಕಲ್ಲಿಗೆ ಏರಿಸಿ, ಬಸ್ಸು ಹಿಡಿದು ಸ್ಟೇಷನ್ನಿಗೆ ಬಂದು, ಮಾರಿಕುಪ್ಪಂ ರೈಲು ಹತ್ತಿ ಕೆ.ಜಿ.ಎಫ್‌ಗೆ ಬಂದು ಬಿ.ಎ. ಓದುತ್ತಾಳೆ. ಆ ಊರಿನಿಂದ ಹೀಗೆ ರೈಲು ಹತ್ತಿ ಡಿಗ್ರಿ ಓದಲು ಬಂದ ಮೊದಲ ಹುಡುಗಿ. ನಾನು ಅದೇ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತೇನೆ, ಅದೇ ರೈಲಿನಲ್ಲಿ ಹೋಗುತ್ತೇನೆ.

ಶನಿವಾರದವರೆಗೂ ಭಾಗ್ಯಳಿಗೆ ಸೊಂಟ ಮುಟ್ಟುವ ಜಡೆ ಇತ್ತು. ಸೋಮವಾರ ಇರಲಿಲ್ಲ.

ಕೂದಲು ಕುತ್ತಿಗೆಯ ಹತ್ತಿರ ನಿಂತುಬಿಟ್ಟಿತ್ತು. ಎಡಗಡೆ ಒಂದಿಷ್ಟು ಗಿಡ್ಡ, ಬಲಗಡೆ ಒಂದಿಷ್ಟು ಉದ್ದ. ಭಾನುವಾರ ಅಣ್ಣ ಡೈರಿಗೆ ಹೋಗಿದ್ದಾಗ, ಅಜ್ಜಿಯ ಕತ್ತರಿ ತೆಗೆದುಕೊಂಡು, ಕನ್ನಡಿ ಮುಂದೆ ನಿಂತು ತಾನೇ ಕತ್ತರಿಸಿಕೊಂಡಳಂತೆ. ರೈಲಿನ ಹೆಂಗಸರ ಬೋಗಿಗೆ ನಾವು ಹತ್ತಿದ ಕೂಡಲೇ ಮಾತೆಲ್ಲ ನಿಂತಿತು. (ಆ ಬೋಗಿಯಲ್ಲಿ ಮಾತು ನಿಲ್ಲುವುದು ಎಂದರೆ ಎಂಜಿನ್ ನಿಂತ ಹಾಗೆ.) ಸೊಪ್ಪಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸೊಬ್ಬಳು, "ಟೈಫಾಯ್ಡಾ ಮಗಾ?" ಅಂತ ಮರುಕದಿಂದ ಕೇಳಿಯೂಬಿಟ್ಟಳು.

"ಅಲ್ಲ ಅಕ್ಕಾ" ಅಂದಳು ಭಾಗ್ಯ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಅಣ್ಣನ ತೀರ್ಪು ಹೇಳಿದಳು.

"ಟೀವಿ ನೋಡಿ ಇಂಗ್ ಮಾಡ್ಕೊಂಡಿದ್ರೆ ಟೀವಿ ಮಾರ್ತೀನಿ. ಕಾಲೇಜಿಂದ ಮಾಡ್ಕೊಂಡಿದ್ರೆ ಕಾಲೇಜ್ ಬಿಡುಸ್ತೀನಿ. ಯಾವ್ದು ಅಂತ ನೀನೇ ಯೋಳು ಅಂದವ್ನೆ ಮೇಡಂ."

ನೋಡಿ, ಎಂಥ ನ್ಯಾಯವಂತ! ಕಾರಣ ಪತ್ತೆಯಾಗುವವರೆಗೆ ಶಿಕ್ಷೆ ಇಲ್ಲ. ನಮ್ಮ ಕಾಲೇಜಿನಲ್ಲೇ ಎಷ್ಟೋ ಜನಕ್ಕೆ ಈ ಬುದ್ಧಿ ಇಲ್ಲ.

"ನೀನೇನು ಹೇಳಿದೆ?"

"ಟೀವಿ ಅಂದೆ."

"ನಿಜವಾ?"

ರೈಲು ಕೋರಮಂಡಲ್ ಸ್ಟೇಷನ್ ಬಿಟ್ಟು ಮುಂದೆ ಹೊರಟಿತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

"ಅಣ್ಣ ನಂಬ್ಲಿಲ್ಲ ಮೇಡಂ. ನಿಮ್ ಮೇಡಮ್ನೋರು ಬಂದು ಯೋಳ್ಲಿ, ಒಪ್ಕೊಂತೀನಿ ಅಂದ. ಬುಧವಾರ ಬತ್ತೀರಾ?"

ನಾನು ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟಿರಲಿಲ್ಲ ಅನ್ನುವುದನ್ನು ಗಮನಿಸಿದಿರಾ? ನಾನೂ ಗಮನಿಸಿದೆ. ಆದರೂ ಬರುತ್ತೇನೆ ಅಂದೆ.

ಈಗ ಆ ಶುಕ್ರವಾರದ ಕ್ಲಾಸಿನ ವಿಷಯ. ನಮ್ಮ ಪಠ್ಯದಲ್ಲಿ ಜಾಹೀರಾತು ಮತ್ತು ಮಹಿಳೆ ಅಂತ ಒಂದು ಪಾಠ ಇದೆ. ಜಾಹೀರಾತುಗಳು ಹೆಂಗಸರಲ್ಲಿ ಕೀಳರಿಮೆ ಹುಟ್ಟಿಸುತ್ತವೆ, ಬೇಡದ್ದನ್ನು ಕೊಳ್ಳುವಂತೆ ಮಾಡುತ್ತವೆ, ಇತ್ಯಾದಿ. ಇರಬಹುದು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಅನ್ನಿಸುವುದು ಬೇರೆ, ಗೊತ್ತಾಗುವುದು ಬೇರೆ ತಾನೇ? ಹೇಗೆ ಗೊತ್ತಾಯಿತು ಅನ್ನುವ ಒಂದು ಸಾಲು ಆ ಪಾಠದಲ್ಲಿ ಎಲ್ಲೂ ಇಲ್ಲ.

ಓದುವಾಗ ನಾನು ಡಿಬೇಟ್ ಮಾಡಿದವಳು ಅನ್ನುವುದು ಈ ಅಂಕಣದ ಓದುಗರಿಗೆ ಹೊಸದಲ್ಲ. (ಹೊಸದಲ್ಲ ಅಂತ ಕೆಲವರು ಕೋಪದಲ್ಲೇ ಪತ್ರ ಬರೆದಿದ್ದೀರಿ.) ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎರಡಕ್ಕೂ ಕಪ್ ತಂದಿದ್ದೇನೆ. ಆದ್ದರಿಂದ ಚಪ್ಪಾಳೆ ಗಿಟ್ಟಿಸುವ ಮಾತು ಎಷ್ಟು ಟೊಳ್ಳಾಗಿರಬಹುದು ಅಂತ ನನಗೆ ಚೆನ್ನಾಗಿ ಗೊತ್ತು.

ಆ ಶುಕ್ರವಾರಕ್ಕೆ ಒಂದು ವಾರ ಮೊದಲೇ ಬೋರ್ಡಿನ ಮೇಲೆ ಮೂರು ಕಾಲಮ್ ಎಳೆದಿದ್ದೆ. ಆಡ್. ಬೇರೆ ಕಾರಣ. ಗೊತ್ತಿಲ್ಲ. ನಿಮ್ಮ ನಿಮ್ಮ ಬೀದಿಯಲ್ಲಿ ಹೋಗಿ ಕೇಳಿ ಅಂದಿದ್ದೆ. ಸೀಗೆಪುಡಿ ಬಿಟ್ಟು ಶಾಂಪೂ ಪ್ಯಾಕೆಟ್ಟಿಗೆ ಬಂದ ಹೆಂಗಸರು ಯಾಕೆ ಬಂದರು? ಉತ್ತರ ತಂದು ಸರಿಯಾದ ಕಾಲಮ್ಮಿಗೆ ಹಾಕಿ.

ಶುಕ್ರವಾರ ಉತ್ತರ ತಂದು ಮೊದಲು ಎದ್ದು ನಿಂತವಳು ಸ್ಟೆಲ್ಲಾ. ನಂದಿದುರ್ಗ ಗಣಿಯ ಕೂಲಿಕಾರರ ಸಾಲುಮನೆಗಳ, ಅಂದರೆ ಲೈನಿನ ಹುಡುಗಿ, ಅಪ್ಪ ಗಣಿಯೊಳಗೆ ಇಳಿಯುವವರು. ಮನೆಯಲ್ಲಿ ತಮಿಳು, ಕ್ಲಾಸಿನಲ್ಲಿ ಕನ್ನಡ, ಜಗಳಕ್ಕೆ ಎರಡೂ.

"ಮೇಡಂ, ನಮ್ಮ ಲೈನ್ ಫುಲ್ಲು ಕೇಳ್ದೆ. ಆಡ್ ನೋಡಿ ಶಾಂಪೂ ತಗೊಂಡ್ರಾ ಆಂಟಿ ಅಂದೆ. ಮೊದಲನೇ ಮನೆ ಆಂಟಿ, 'ನಾನ್ ಇಲ್ಲಮ್ಮಾ, ಪಕ್ಕತ್ತು ವೀಟ್ಟುಕಾರಿ' ಅಂದ್ರು, ನಾನಲ್ಲ ಪಕ್ಕದ ಮನೆಯವಳು ಅಂತ. ಪಕ್ಕದ ಮನೆಯವರು ಅದರ ಪಕ್ಕದ ಮನೆ ಕಡೆ ಕೈ ತೋರಿಸಿದ್ರು. ಹಂಗೇ ಹೋಗಿ ಹೋಗಿ ಲೈನಿನ ಕೊನೆ ಮನೆ ಬಂತು."

"ಅವರೇನು ಅಂದರು?"

"ಮೊದಲನೇ ಮನೆ ಆಂಟೀನ ತೋರಿಸಿದ್ರು ಮೇಡಂ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹಾಗಾದರೆ ಜಾಹೀರಾತು ಕೆಲಸ ಮಾಡುತ್ತಿರುವುದು ಯಾರ ಮೇಲೆ? ಎಲ್ಲರ ಪಕ್ಕದ ಮನೆಯವಳ ಮೇಲೆ! ಇದನ್ನು ಯಾವ ಕಾಲಮ್ಮಿಗೆ ಹಾಕುವುದು?

ಸ್ಟೆಲ್ಲಾ ಅಷ್ಟಕ್ಕೇ ಬಿಡಲಿಲ್ಲ. ಲೈನಿಗೆಲ್ಲ ನಲ್ಲಿ ಒಂದೇ, ನೀರು ಬಿಡುವ ಹೊತ್ತಿಗೆ ಕೊಡಗಳ ಸಾಲು ರಸ್ತೆಗೆ ಬರುತ್ತದೆ, ಎಣ್ಣೆ ಹಚ್ಚಿ ಸೀಗೆ ಹಾಕಿ ತೊಳೆಯಲು ನೀರೆಲ್ಲಿದೆ, ಪ್ಯಾಕೆಟ್ಟಾದರೆ ಅರ್ಧ ಬಕೆಟ್ಟಿನಲ್ಲಿ ಮುಗಿಯುತ್ತದೆ ಅಂದಳು. ಎಷ್ಟು ಚೆನ್ನಾಗಿತ್ತು! ಬೇರೆ ಕಾರಣ ಅನ್ನುವ ಕಾಲಮ್ಮಿನಲ್ಲಿ ದಪ್ಪಗೆ "ನೀರು" ಅಂತ ಬರೆದೆ. ಜಾಹೀರಾತಿಗೂ ಇದಕ್ಕೂ ಸಂಬಂಧವೇ ಇಲ್ಲ, ನೋಡಿದಿರಾ ಅಂತ ಮೇಜು ಕುಟ್ಟಲು ಕೈ ಎತ್ತಿದ್ದೆ.

ಆಗ ಹಿಂದಿನ ಬೆಂಚಿನಿಂದ ಭಾಗ್ಯ, "ನಮ್ಮೂರಲ್ಲಿ ಬಾವಿ ತುಂಬಾ ನೀರೈತೆ ಮೇಡಂ. ಅಲ್ಲೂ ಪ್ಯಾಕೆಟ್ಟೇ" ಅಂದಳು.

ನೀರನ್ನು ಅಳಿಸಿ ಗೊತ್ತಿಲ್ಲ ಕಾಲಮ್ಮಿಗೆ ಒಯ್ದೆ. ಆಮೇಲೆ ಮೇಜು ಕುಟ್ಟಿದೆ. ಸೋಮಾರಿಗಳು ಅನ್ನುವ ಮಾತು ಬಂದದ್ದು ಆಗಲೇ.

ಎರಡು ದಿನದ ಮೇಲೆ ಅದೇ ಭಾಗ್ಯ ಕತ್ತರಿ ತೆಗೆದುಕೊಂಡಳು.

ಯಾಕೆ ಅಂತ ಸೋಮವಾರ ರೈಲಿನಲ್ಲಿ ಕೇಳಿದೆ. ಹಸು ಕರೆಯುವ ಹೊತ್ತಿಗೆ ತಲೆಗೆ ನೀರು ಹಾಕಿದರೆ ರೈಲು ಬರುವಷ್ಟರಲ್ಲಿ ಕೂದಲು ಒಣಗುವುದಿಲ್ಲ ಅಂದಳು. ಸರಿ. ಮಂಗಳವಾರ ಮತ್ತೆ ಕೇಳಿದೆ. ಜಡೆ ಭಾರಕ್ಕೆ ಸಂಜೆ ತಲೆನೋವು ಬರುತ್ತಿತ್ತು ಅಂದಳು. ಅದೂ ಸರಿ. ಸಂಜೆ ವಾಪಸ್ ಬರುವಾಗ ತಾನಾಗಿಯೇ, "ಒಂದು ಆಡ್ ಬತ್ತದಲ್ಲ ಮೇಡಂ, ಅದ್ರಾಗೆ ಆ ಉಡುಗಿ ಇಂಗೆ ತಿರುಗ್ತಾಳೆ, ಕೂದ್ಲು ಸುಯ್ ಅಂತ ಮುಖುದ್ ಮ್ಯಾಲೆ ಬಂದು ಇಂದಕ್ಕೋಯ್ತದೆ..." ಅಂತ ಶುರು ಮಾಡಿ ನಿಲ್ಲಿಸಿದಳು.

"ಅದಕ್ಕೇ ಕತ್ತರಿಸಿಕೊಂಡೆಯಾ?"

"ಗೊತ್ತಿಲ್ಲ ಮೇಡಂ. ಕತ್ತರ್ಸೋವಾಗ ಏನೂ ಅಂದ್ಕೊಂಡಿರ್ಲಿಲ್ಲ."

ಈಗ ನನ್ನ ಸ್ಥಿತಿ ನೋಡಿ. ಕಾಲೇಜು ಉಳಿಯಬೇಕಾದರೆ ಟೀವಿ ತಪ್ಪಿತಸ್ಥ ಆಗಬೇಕು. ಟೀವಿ ತಪ್ಪಿತಸ್ಥ ಅನ್ನಲು ನನ್ನ ಹತ್ತಿರ ಸಾಕ್ಷಿ ಇಲ್ಲ. ತಪ್ಪಿತಸ್ಥ ಅಲ್ಲ ಅನ್ನಲೂ ಇಲ್ಲ. ಒಂದು ಮಾತು ಹೇಳಿದರೆ ಹುಡುಗಿಯ ಓದು ಉಳಿಯುತ್ತದೆ. ಆ ಮಾತು ನಿಜವೂ ಇರಬಹುದು! ಇದನ್ನು ಸುಳ್ಳು ಅನ್ನುತ್ತಾರಾ? ಡಿಬೇಟ್‌ನಲ್ಲಾದರೆ ಎರಡನೇ ಯೋಚನೆಯೇ ಮಾಡುತ್ತಿರಲಿಲ್ಲ. ಚೀಟಿಯಲ್ಲಿ ಪರ ಬಂದಿದೆ ಅಂದುಕೊಂಡು ಮಾತಾಡಿಬಿಡು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಬುಧವಾರ ಕಾಲೇಜು ಬಿಟ್ಟ ಮೇಲೆ ಭಾಗ್ಯಳ ಜೊತೆ ಬಸ್ಸು ಹತ್ತಿದೆ.

ಮನೆ ಚಿಕ್ಕದು, ಚೊಕ್ಕಟ. ನಡುಮನೆಯಲ್ಲಿ ಟೀವಿ, ಅದರ ಮೇಲೆ ಕ್ರೋಶಾ ಹಾಕಿದ ಬಟ್ಟೆ, ಎದುರಿಗೆ ಅಜ್ಜಿ ಭಾನುವಾರದ ಧಾರಾವಾಹಿ ನೋಡುವ ಚಾಪೆ. ನನಗೆ ಕುರ್ಚಿ ಹಾಕಿದರು. ಮುನಿರಾಜು ನನ್ನ ವಯಸ್ಸಿನವನೇ ಇರಬೇಕು. ನನ್ನನ್ನು ಒಮ್ಮೆ ನೋಡಿ, ಯಾಕೋ ಥಟ್ಟನೆ ಮುಖ ತಿರುಗಿಸಿ, ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತ. ಮೇಷ್ಟ್ರಿಗೆ ಮರ್ಯಾದೆ ಕೊಡುತ್ತಿದ್ದಾನೆ ಅಂದುಕೊಂಡೆ.

"ಮೇಡಮ್ನೋರೇ, ನಾನ್ ಉದ್ದುಕ್ಕೆ ಮಾತಾಡಲ್ಲ. ಟೀವಿ ಬಂದಿದ್ದು ಓದ್ ವರ್ಸ. ಅಲ್ಲೀಗಂಟ ಇವ್ಳು ಸರೀಗೇ ಇದ್ಲು. ಟೀವಿ ಬಂದ್ಮೇಲೆ ತಾನೇ ಇದಾಗಿದ್ದು?"

ನಾನು ಏನು ಮಾಡಬೇಕಿತ್ತು? ಹೌದಪ್ಪಾ ಅನ್ನಬೇಕಿತ್ತು. ಬಂದ ಕೆಲಸ ಅದೇ. ಎದುರಾಳಿಯೇ ನನ್ನ ಪರ ಮಾತಾಡುತ್ತಿದ್ದಾನೆ. ಒಂದು ಹೂಂ ಅಂದು ಕಾಫಿ ಕುಡಿದು ಎದ್ದು ಬರಬಹುದಿತ್ತು.

ನನ್ನ ಬಾಯಿಂದ ಬಂದದ್ದು: "ಟೀವಿ ಬಂದ ಮೇಲೆ ನಿಮ್ಮ ಹಸು ಕರು ಹಾಕಿದೆ ಅಂತ ಭಾಗ್ಯ ಹೇಳಿದಳು. ಅದಕ್ಕೂ ಟೀವಿಯೇ ಕಾರಣವಾ?"

ಚಟ, ಸ್ವಾಮಿ. ಸಿಗರೇಟಿನಂಥದೇ ಇದು. ಯಾರಾದರೂ "ಅದಾದ ಮೇಲೆ ಇದಾಯಿತು" ಅಂದರೆ ನನ್ನ ನಾಲಿಗೆ ನನ್ನ ಅಪ್ಪಣೆಗೆ ಕಾಯುವುದಿಲ್ಲ.

"ಅಸು ಟೀವಿ ನೋಡಲ್ವಲ್ಲ ಮೇಡಂ" ಅಂದ ಮುನಿರಾಜು.

"ನೋಡ್ತದೆ ಕಣ್ಲಾ" ಅಂದರು ಚಾಪೆಯ ಮೇಲಿಂದ ಅಜ್ಜಿ. "ಕೊಟ್ಟಿಗೆ ಕಿಟಕಿ ಎದ್ರುಗೇ ಐತೆ. ಟೀವೀಲಿ ಆಡ್ ಬಂದ್ರೆ ಕಿವಿ ಆಡುಸ್ತದೆ."

"ನೀನ್ ಸುಮ್ಕಿರು ಅಜ್ಜಿ."

ಭಾಗ್ಯ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಆ ನೋಟದ ಅರ್ಥ ಆಗುವಷ್ಟರಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಈ ಊರಿನಲ್ಲಿ ಟೀವಿ ಇರುವ ಮನೆ ಎಷ್ಟೋ ಇವೆಯಲ್ಲ, ಬೇರೆ ಯಾವ ಹುಡುಗಿ ಜಡೆ ಕತ್ತರಿಸಿಕೊಂಡಿದ್ದಾಳೆ ತೋರಿಸಿ ಅಂತ ಕೇಳಿಬಿಟ್ಟಿದ್ದೆ.

ಮುನಿರಾಜು ಯೋಚಿಸಿದ. ತಲೆ ಕೆರೆದುಕೊಂಡ.

"ಯಾರೂ ಇಲ್ಲ. ಅಂಗಾರೆ ಟೀವಿ ಅಲ್ಲ ಅಂತೀರಾ?"

ಅಜ್ಜಿ ನೆಮ್ಮದಿಯಿಂದ ಕಾಲು ಚಾಚಿದರು. (ಭಾನುವಾರದ ಧಾರಾವಾಹಿ ಉಳಿಯಿತು.)

"ಹಾಗಲ್ಲ..." ಅಂದೆ.

"ಟೀವಿ ಅಲ್ಲ ಅಂದ್ರೆ ಕಾಲೇಜೇ. ಇನ್ನೇನೈತೆ?"

"ಕಾಲೇಜು ಹೇಗಾಗುತ್ತೆ ಮುನಿರಾಜು ಅವರೇ? ನೀವೇ ಬಂದು ನೋಡಿ. ಅಷ್ಟು ಹುಡುಗಿಯರಿದ್ದಾರೆ, ಎಲ್ಲರಿಗೂ ಜಡೆ ಇದೆ. ಕಾಲೇಜಿನಲ್ಲಿ ಕೂದಲು ಕತ್ತರಿಸಿಕೊಂಡವರು ಒಬ್ಬರನ್ನಾದರೂ ತೋರಿಸಿ ನೋಡೋಣ!"

ಎಂಥ ಪಾಯಿಂಟು! ಜಡ್ಜುಗಳು ಬರೆದುಕೊಳ್ಳುವ ಪಾಯಿಂಟು.

ಮುನಿರಾಜು ಮತ್ತೆ ಮುಖ ತಿರುಗಿಸಿದ. ಅಜ್ಜಿಯೇ ಮೆಲ್ಲಗೆ ಕೇಳಿದರು.

"ಯಾಕಮ್ಮಣ್ಣಿ, ನೀನು ಕತ್ತರ್ಸ್ಕೊಂಡಿದ್ದೀಯಲ್ಲ?"

ಓದುಗರೇ, ನನ್ನ ಕೂದಲು ಕುತ್ತಿಗೆಯವರೆಗೂ ಇಲ್ಲ. ಬಾಬ್ ಕಟ್. ಎಷ್ಟೋ ವರ್ಷದಿಂದ ಹಾಗೇ ಇದೆ, ಆದ್ದರಿಂದ ನನಗೆ ಅದು ಕಾಣಿಸುವುದಿಲ್ಲ. ಇಡೀ ಕ್ಲಾಸಿಗೆ ವರ್ಷಪೂರ್ತಿ ಅದೇ ಕಾಣಿಸುತ್ತಿತ್ತು ಅನ್ನುವುದೂ ನನಗೆ ಹೊಳೆದಿರಲಿಲ್ಲ. ಟೀವಿಯ ಹುಡುಗಿ ತಿರುಗುವುದು ಎರಡು ಕ್ಷಣ. ನಾನು ಬೋರ್ಡಿನ ಕಡೆ ತಿರುಗಿ, ಬರೆದು, ಕ್ಲಾಸಿನ ಕಡೆ ತಿರುಗುವುದು ಒಂದು ಪೀರಿಯಡ್ಡಿಗೆ ಎಷ್ಟು ಸಲ? ಬೆಂಚಿನಲ್ಲಿ ಕೂತವರು ಹೇಳಬೇಕು.

"ನೀನ್ಯಾಕ್ ಕತ್ತರ್ಸ್ಕೊಂಡೆ?" ಅಜ್ಜಿಯ ಪ್ರಶ್ನೆಯಲ್ಲಿ ಯಾವ ಕೊಂಕೂ ಇರಲಿಲ್ಲ. ತಿಳಿಯುವ ಆಸೆ ಅಷ್ಟೇ.

"ಹಾಸ್ಟೆಲಿನಲ್ಲಿ ನೀರಿರಲಿಲ್ಲ ಅಜ್ಜಿ" ಅಂದೆ. ಯಾರು ಕೇಳಿದರೂ ನಾನು ಹೇಳುವುದು ಅದನ್ನೇ. ಹೇಳುತ್ತಿರುವಾಗಲೇ ಹಾಸ್ಟೆಲಿನ ನಲ್ಲಿ ನೆನಪಾಯಿತು. ನೀರು ಬರುತ್ತಿತ್ತು. ಸ್ವಲ್ಪ ಸಣ್ಣಗೆ ಬರುತ್ತಿತ್ತು, ಬರುತ್ತಿತ್ತು. ಡಿಬೇಟ್‌ನಲ್ಲಿ ಎಲ್ಲರನ್ನೂ ಮಣ್ಣು ಮುಕ್ಕಿಸುತ್ತಿದ್ದ ಸೀನಿಯರ್ ಒಬ್ಬಳಿದ್ದಳು, ಅವಳ ಕೂದಲೂ ನೆನಪಾಯಿತು. ಹೀಗೇ ಇತ್ತು. ಅವಳನ್ನು ನೋಡಿ ಕತ್ತರಿಸಿಕೊಂಡೆನಾ? ಇಲ್ಲಪ್ಪ! ಅವಳನ್ನು ನೋಡಿ ಕತ್ತರಿಸಿಕೊಂಡದ್ದು ನನ್ನ ರೂಮ್‌ಮೇಟು.

(ಪಕ್ಕತ್ತು ವೀಟ್ಟುಕಾರಿ.)

ಆಮೇಲೆ ನಾನು ಮಾತಾಡಿದ್ದು ಡಿಬೇಟ್ ಅಲ್ಲ, ತೊದಲು. ಆಡ್‌ನಿಂದಲೂ ಇರಬಹುದು ಅಂದೆ. "ಈಗ್ ತಾನೇ ಅಲ್ಲ ಅಂದ್ರಿ" ಅಂದ ಮುನಿರಾಜು. ಅಲ್ಲ ಅನ್ನಲಿಲ್ಲ, ಸಾಕ್ಷಿ ಇಲ್ಲ ಅಂದೆ ಅಂದೆ. "ಈಗ್ ಸಾಕ್ಷಿ ಬಂತಾ?" ಅಂದ. ಇಲ್ಲ, ಆದರೂ ಇರಬಹುದು ಅಂದೆ. ಬಿ.ಎ. ತರಗತಿಯ ಪಾಠವನ್ನೆಲ್ಲ ಇರಬಹುದು ಅನ್ನುವ ಒಂದು ಶಬ್ದಕ್ಕೆ ನೇತುಹಾಕಿ ಕೂತಿದ್ದೆ.

ಅವನಿಗೆ ಸಿಟ್ಟು ಬಂತು. ನ್ಯಾಯವಾದ ಸಿಟ್ಟೇ.

"ಮೇಡಂ, ನಿಮ್ಗೆ ಇದು ಪಾಠ. ನಾಳೆ ಡೈರಿ ತಾವ ಕ್ಯಾನ್ ಇಡ್ಕೊಂಡು ನಿಂತ್ಕೊಳ್ಳೋನು ನಾನು. ಏನ್ಲಾ, ನಿನ್ ತಂಗಿ ಸಿನಿಮಾಗ್ ಸೇರ್ಕೊಂಡ್ಲಾ ಅಂತ ಆಗ್ಲೇ ಇಬ್ರು ಕೇಳವ್ರೆ. ಇರಬೋದು, ಗೊತ್ತಿಲ್ಲ ಅಂತ ಯೋಳ್ಲಾ ಅವ್ರ್‌ಗೆ? ನಂಗೊಂದು ಉತ್ರ ಬೇಕು."

ಗೋಡೆ ಬಿಟ್ಟು ಟೀವಿಯ ಹತ್ತಿರ ಹೋಗಿ ನಿಂತ.

"ಆಯ್ತು ಬುಡಿ. ಯಾವ್ದೋ ಒಂದಂತೂ ಔದು. ಎರಡ್ನೂ ತೆಗಿತೀನಿ. ಟೀವೀನೂ ಮಾರ್ತೀನಿ, ಕಾಲೇಜೂ ಬುಡುಸ್ತೀನಿ. ಪೀಡೆ ಕಳೀತು."

ಇದಕ್ಕಾ ನಾನು ಬಂದದ್ದು? ಒಂದು ಉಳಿಸಲು ಬಂದು ಎರಡೂ ಕಳೆದೆ.

"ಅಣ್ಣಾ, ಪರೀಕ್ಷೆ ಆಗೋಗಂಟಾನಾದ್ರೂ..." ಅಂದಳು ಭಾಗ್ಯ. ಕೈಯಲ್ಲಿದ್ದ ಲೋಟ ನೆಲದ ಮೇಲಿಟ್ಟು ಒಳಗೆ ಹೋದಳು. ದಿನಾ ಕತ್ತಲಲ್ಲಿ ಎದ್ದು, ಹಸು ಕರೆದು, ಬಸ್ಸು ರೈಲು ಹಿಡಿದು ಬರುವ ಹುಡುಗಿ. ಒಂದು ದಿನವೂ ಲೇಟಾಗಿ ಬಂದವಳಲ್ಲ. ಅವಳ ಓದು ನನ್ನ ಕಣ್ಣ ಮುಂದೆ, ನನ್ನ ಒಳ್ಳೆಯ ಒಳ್ಳೆಯ ಪಾಯಿಂಟುಗಳ ಕೆಳಗೆ ಸಿಕ್ಕಿ ಮುರಿಯಿತು.

ಆಗ ಅಜ್ಜಿ ಚಾಪೆ ಬಿಟ್ಟು ಎದ್ದರು.

"ಲೇ ಮುನಿರಾಜ, ಟೀವೀನೂ ಅಲ್ಲ, ಕಾಲೇಜೂ ಅಲ್ಲ. ಅದು ಅರಕೆ ಕಣ್ಲಾ."

"ಏನಜ್ಜಿ?"

"ಓದ್ ವರ್ಸ ಮಗೀಗೆ ಕಾಮಾಲೆ ಆಗಿರ್ಲಿಲ್ವಾ? ವಾಸಿ ಆಗ್ಲಿ, ಮೂರ್ ಕತ್ತರಿ ಕೊಡುಸ್ತೀನಪ್ಪಾ ಅಂತ ದೇವ್ರಿಗೆ ಕೈ ಮುಗ್ದಿದ್ದೆ. ಮರ್ತೋಗಿತ್ತು. ಮೊನ್ನೆ ನೆಪ್ಪಾಯ್ತು. ಕೊಡ್ಸ್ದೆ."

ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹೆಂಗಸರು ಪೂರ್ತಿ ಮುಡಿ ಕೊಡಲಾಗದಿದ್ದರೆ ಕೂದಲ ತುದಿಗೆ ಮೂರು ಸಲ ಕತ್ತರಿ ಆಡಿಸಿ ದೇವರಿಗೆ ಒಪ್ಪಿಸುತ್ತಾರೆ. ಅದು ಮೂರು ಕತ್ತರಿ. ಆ ಕೂದಲನ್ನು ಯಾರೂ ಆಡಿಕೊಳ್ಳುವುದಿಲ್ಲ.

ಮುನಿರಾಜು ದಡ್ಡನಲ್ಲ. "ಮೂರ್ ಕತ್ತರಿ ಅಂದ್ರೆ ತುದೀಲಿ ಇಷ್ಟೇ ಇಷ್ಟು ತೆಗೆಯೋದು. ಇಷ್ಟುದ್ದ ತೆಗೀತಾರಾ ಯಾರಾದ್ರೂ?"

"ಕತ್ತರಿ ದೊಡ್ಡದಿತ್ತು."

ಅಜ್ಜಿಯ ಮುಖ ಕಲ್ಲಿನ ಹಾಗಿತ್ತು.

"ಮತ್ತೆ ಭಾನ್ವಾರ ನಾನ್ ಕೂಗಾಡೋವಾಗ ಯಾಕ್ ಯೋಳ್ಲಿಲ್ಲ?"

"ನೀನ್ ಬಾಯ್ ಮುಚ್ಚಿದ್ರೆ ತಾನೇ ಯೋಳೋಕೆ? ಊರ್ಕೋರಾ!" (ಸಿಟ್ಟು ಬಂದರೆ ಅಜ್ಜಿ ತೆಲುಗಿಗೆ ಇಳಿಯುತ್ತಾರೆ. ಸುಮ್ಮನಿರೋ ಅಂತ.) "ಮುಡುಪು ಕಟ್ಟಿ ದೇವ್ರ ಮುಂದೆ ಇಕ್ಕಿದ್ದೀನಿ. ಕಣ್ಣಿದ್ರೆ ನೋಡು."

ನಾವೆಲ್ಲ ದೇವರ ಗೂಡಿನ ಕಡೆ ತಿರುಗಿದೆವು. ನಿಜವಾಗಲೂ ಅಲ್ಲೊಂದು ಹಳದಿ ಬಟ್ಟೆಯ ಗಂಟಿತ್ತು! ಜಡೆ ಹಿಡಿಸುವಷ್ಟು ದಪ್ಪ ಗಂಟು. ಬಾಗಿಲಿಗೆ ಬಂದು ನಿಂತ ಭಾಗ್ಯಳ ಬಾಯಿ ಅರ್ಧ ತೆರೆದಿತ್ತು. ಕತ್ತರಿಸಿದ ಜಡೆಯನ್ನು ಅವಳು ಹಿತ್ತಲಲ್ಲಿ ಬಿಟ್ಟಿದ್ದಳಂತೆ, ಆಮೇಲೆ ಹುಡುಕಿದರೆ ಇರಲಿಲ್ಲವಂತೆ. ಇದು ನನಗೆ ಮಾರನೆಯ ದಿನ ಗೊತ್ತಾದದ್ದು.

ನನಗೆ ತಡೆಯಲಾಗಲಿಲ್ಲ. (ಚಟ ಅಂದೆನಲ್ಲ.) ಎದ್ದು ಗೂಡಿನ ಹತ್ತಿರ ಹೋದೆ. ಬಟ್ಟೆಯ ಅರಿಶಿನ ಇನ್ನೂ ಹಸಿಯಾಗಿದೆಯೋ, ಒಣಗಿ ದಿನಗಳಾಗಿವೆಯೋ ಅಂತ ನೋಡಲು ಕೈ ಚಾಚಿದೆ.

"ಮುಟ್ಟಬಾರ್ದು ಅಮ್ಮಣ್ಣಿ" ಅಂದರು ಅಜ್ಜಿ. "ಬಿಚ್ಚಲೂಬಾರ್ದು. ಸೀದಾ ಹುಂಡೀಗೇ."

ನೋಡಿ, ಇಂಥ ಸಾಕ್ಷಿ ನಾನು ಯಾವ ಡಿಬೇಟ್‌ನಲ್ಲೂ ಕಂಡಿಲ್ಲ. ಕಣ್ಣಿಗೆ ಕಾಣುತ್ತದೆ, ಮುಟ್ಟುವ ಹಾಗಿಲ್ಲ, ಬಿಚ್ಚುವ ಹಾಗಿಲ್ಲ. ಇದರ ಮುಂದೆ ಯಾವ ಕಾಲಮ್ಮು?

ಮುನಿರಾಜು ಗಂಟು ನೋಡಿದ. ಅಜ್ಜಿಯನ್ನು ನೋಡಿದ. ತಂಗಿಯನ್ನು ನೋಡಿದ. ನನ್ನನ್ನು ಮಾತ್ರ ನೋಡಲಿಲ್ಲ. ಆಮೇಲೆ ಗೂಡಿಗೆ ಕೈ ಮುಗಿದು, "ಮೊದ್ಲೇ ಯೋಳೋದಲ್ವಾ" ಅಂತ ಗೊಣಗಿ, ಕ್ಯಾನು ಎತ್ತಿಕೊಂಡು ಸಂಜೆ ಹಾಲಿಗೆ ಕೊಟ್ಟಿಗೆಯ ಕಡೆ ಹೊರಟ. ಹೊಸಲು ದಾಟುವಾಗ ಅವನ ಹೆಗಲು ಇಳಿದದ್ದು ಕಂಡಿತು. ನಂಬಿದನಾ? ಅಥವಾ ಡೈರಿಯಲ್ಲಿ ಹೇಳಲು ಒಂದು ಉತ್ತರ ಸಿಕ್ಕಿತು ಅಂತ ನಿರಾಳವಾದನಾ? ಅಜ್ಜಿ ಎದ್ದದ್ದು ಮೊಮ್ಮಗಳ ಕಾಲೇಜಿಗಾಗಿಯೋ, ಭಾನುವಾರದ ಧಾರಾವಾಹಿಗಾಗಿಯೋ?

ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ.

ಗುರುವಾರ ಭಾಗ್ಯ ರೈಲು ಹತ್ತಿದಳು. ಮುಂದಿನ ಶುಕ್ರವಾರ ಕ್ಲಾಸಿನಲ್ಲಿ, ಅವಳೇ ಹೇಳಿ ಅಂದದ್ದರಿಂದ, ನಡೆದದ್ದನ್ನೆಲ್ಲ ಪಾಠದ ಉದಾಹರಣೆಯಾಗಿ ಹೇಳಿದೆ. ಕೊನೆಗೆ, "ಅಜ್ಜಿ ಸುಳ್ಳು ಹೇಳಿ ಒಳ್ಳೆಯದು ಮಾಡಿದರು" ಅಂತ ಸೇರಿಸಿದೆ.

ಸ್ಟೆಲ್ಲಾ ಕೈ ಎತ್ತಿದಳು. "ಮೇಡಂ, ಭಾಗ್ಯಂಗೆ ಕಾಮಾಲೆ ಬಂದಿದ್ದು ನಿಜಾನೇ ಅಲ್ವಾ?"

"ನಿಜ."

"ಅಜ್ಜಿ ಆಗ ಹರಕೆ ಹೊತ್ತಿರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಸಾಕ್ಷಿ ಏನು?"

ಕ್ಲಾಸು ನನ್ನನ್ನೇ ನೋಡಿತು. ನಾನು ಬೋರ್ಡಿನ ಕಡೆ ತಿರುಗಿದೆ. ತಿರುಗುವಾಗ ಕೂದಲು ಕೆನ್ನೆಗೆ ಬಡಿದದ್ದು ಮೊದಲ ಸಲ ನನ್ನ ಗಮನಕ್ಕೆ ಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಮೊನ್ನೆ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಭಾಗ್ಯಳ ಊರಿನ ಬಸ್ಸು ಬಂತು. ಪಿ.ಯು.ಸಿ.ಗೆ ಹೋಗುವ ಇಬ್ಬರು ಹುಡುಗಿಯರು ಇಳಿದರು. ಇಬ್ಬರಿಗೂ ಕೂದಲು ಕುತ್ತಿಗೆಯವರೆಗೆ. ಒಬ್ಬಳಿಗೆ ಎಡಗಡೆ ಗಿಡ್ಡ, ಇನ್ನೊಬ್ಬಳಿಗೆ ಬಲಗಡೆ.

ತಡೆದು ನಿಲ್ಲಿಸಿದೆ. "ಏನಮ್ಮಾ ಇದು?"

"ಅರಕೆ ಮೇಡಂ" ಅಂದರು ಇಬ್ಬರೂ ಒಟ್ಟಿಗೆ. "ಪರೀಕ್ಷೆ ಪಾಸಾಗ್ಲಿ ಅಂತ."

"ಮೂರು ಕತ್ತರಿ?"

"ಮೂರೇ ಮೇಡಂ."

"ಮನೆಯಲ್ಲಿ ಬೈಯಲಿಲ್ಲವಾ?"

"ದೇವ್ರು ವಿಷ್ಯ ಅಲ್ವಾ ಮೇಡಂ, ಯಾರ್ ಬಯ್ತಾರೆ?"

"ಯಾರು ಕತ್ತರಿಸಿದ್ದು?"

"ಭಾಗ್ಯಕ್ಕನ ಅಜ್ಜಿ. ಅವ್ರತ್ರ ದೊಡ್ ಕತ್ತರಿ ಐತೆ."

ಹೇಳಿ ಇಬ್ಬರೂ ಕಾಲೇಜಿನ ಕಡೆ ತಿರುಗಿದರು. ಕೂದಲು ಸುಯ್ ಅಂತ ಮುಖದ ಮೇಲೆ ಬಂದು ಹಿಂದಕ್ಕೆ ಹೋಯಿತು.

ಸೋಮವಾರ ಕ್ಲಾಸಿದೆ, ಬೋರ್ಡಿನ ಮೇಲೆ ಮೂರು ಕಾಲಮ್ಮು ಹಾಗೇ ಇವೆ. ಈ ಅಜ್ಜಿಯನ್ನು ನಾನು ಯಾವುದರಲ್ಲಿ ಬರೆಯಲಿ?